ಕಾಳಿಗೆ ಕಲ್ಲು ನೆಟ್ಟ ನಾಡು: ಮನೆಯ ನಾಯಿ ತೀರಿಕೊಂಡಾಗ

ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಒಂದು ನಾಯಿಗೆ ವೀರಗಲ್ಲು ನಿಲ್ಲಿಸಿದ್ದರು. ನಾಯಿಯ ಹೆಸರು ಕಾಳಿ. ಕಾಲ ಕ್ರಿ.ಶ. 949–50. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟರ ಮುಮ್ಮಡಿ ಕೃಷ್ಣನೂ ಗಂಗರ ಬೂತುಗನೂ ಒಟ್ಟಾಗಿ ಚೋಳರನ್ನು ಸೋಲಿಸಿದರು. ಬೂತುಗನ ಕಡೆಯ ವೀರ ಮಣಲೇರನ ಪರಾಕ್ರಮಕ್ಕೆ ಮೆಚ್ಚಿ, ಏನು ಬೇಕೋ ಕೇಳು ಎಂದಾಗ ಅವನು ಬೇಡಿದ್ದು ಕಾಳಿಯನ್ನು. ಮುಂದೆ ಬೆಳತೂರಿನ ಗುಡ್ಡದಲ್ಲಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದ ಕಾಳಿ ಅದನ್ನು ಕೊಂದು ತಾನೂ ಸತ್ತಿತು. ಮಣಲೇರ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿದ. ನಾಯಿಯೂ ಹಂದಿಯೂ ಕಾದಾಡುತ್ತಿರುವ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿದೆ.

ಆ ಕಲ್ಲಿನಲ್ಲಿ ಮೂರು ಸಂಗತಿ ಗಮನಿಸಬೇಕು. ನಾಯಿಯ ಹೆಸರಿದೆ. ಅದು ಎಲ್ಲಿ, ಹೇಗೆ ಸತ್ತಿತು ಎಂಬ ವಿವರ ಇದೆ. ಕಲ್ಲಿನ ಪೂಜೆ ನಿಲ್ಲದಂತೆ ಕೆರೆಯ ಕೆಳಗೆ ಎರಡು ಖಂಡುಗ ಭೂಮಿ ಬಿಟ್ಟ ದಾಖಲೆಯೂ ಇದೆ. ಪೂಜೆ ಮಾಡದೆ ಉಣ್ಣುವ ಪೂಜಾರಿಗೆ ಪಾಪ ತಟ್ಟುತ್ತದೆ ಎಂದೂ ಮಣಲೇರ ಬರೆಸಿದ್ದಾನೆ. ಹೆಸರು, ವಿವರ, ಮುಂದುವರಿಯುವ ಒಂದು ಏರ್ಪಾಡು: ಮನೆಯ ನಾಯಿಯನ್ನು ನೆನಪಿನಲ್ಲಿ ಉಳಿಸಿಕೊಳ್ಳಲು ಇಂದಿಗೂ ಬೇಕಾದದ್ದು ಈ ಮೂರೇ. ಆದರೆ ಅಲ್ಲಿಗೆ ಹೋಗುವ ಮೊದಲು ಸತ್ತ ದಿನದ ಗಡಿಬಿಡಿ ದಾಟಬೇಕು. ಆ ದಿನ ಮಾಡುವ, ಬಿಡುವ ಕೆಲವು ಕೆಲಸಗಳ ಬಗ್ಗೆ ಆಮೇಲೆ ಕೊರಗುವವರು ಬಹಳ. ಹಾಗಾಗಿ ಅದನ್ನೇ ಮೊದಲು ಹೇಳುತ್ತೇನೆ.

ಮೊದಲ ಕೆಲವು ಗಂಟೆ

ನಾಯಿ ಮನೆಯಲ್ಲೇ ತೀರಿಕೊಂಡರೆ ಅವಸರ ಬೇಡ. ಮೂಗಿನ ಬಳಿ ಉಸಿರು, ಎಡ ಮೊಣಕೈ ಹಿಂದಿನ ಎದೆಯಲ್ಲಿ ಬಡಿತ ಇಲ್ಲವೆಂದು ಖಚಿತಪಡಿಸಿಕೊಳ್ಳಿ. ಅನುಮಾನವಿದ್ದರೆ ವೈದ್ಯರನ್ನು ಕರೆಯಿರಿ. ಉಸಿರು ನಿಂತ ಮೇಲೂ ಸ್ವಲ್ಪ ಹೊತ್ತು ಸ್ನಾಯುಗಳು ಅದುರಬಹುದು, ಗಾಳಿ ಹೊರಬಂದು ನರಳಿದಂತೆ ಕೇಳಬಹುದು, ಮೂತ್ರ ಹೋಗಬಹುದು. ಅದು ನೋವಲ್ಲ. ಕಣ್ಣು ಮುಚ್ಚಿದರೂ ಮತ್ತೆ ತೆರೆದುಕೊಳ್ಳುವುದು ಸಹಜ. ಮಕ್ಕಳು ಹತ್ತಿರವಿದ್ದರೆ ಇದನ್ನು ಮೊದಲೇ ಹೇಳಿಬಿಡಿ.

ಕೆಲವೇ ಗಂಟೆಗಳಲ್ಲಿ ಮೈ ಸೆಟೆದುಕೊಳ್ಳತೊಡಗುತ್ತದೆ. ಅದಕ್ಕೆ ಮುಂಚೆ, ಮಲಗುವಾಗ ಮಡಚುತ್ತಿದ್ದಂತೆಯೇ ಕಾಲುಗಳನ್ನು ಮಡಚಿ ಹಳೆಯ ಹತ್ತಿಯ ಬಟ್ಟೆಯ ಮೇಲೆ ಮಲಗಿಸಿ, ಕೆಳಗೊಂದು ಪ್ಲಾಸ್ಟಿಕ್ ಹಾಳೆ ಇರಲಿ. ದೂರದ ಊರಿಂದ ಮಗಳೋ ಮಗನೋ ಬರಬೇಕಿದ್ದರೆ ತಂಪಾದ ನೆಲದ ಮೇಲೆ, ಫ್ಯಾನಿನ ಕೆಳಗೆ, ಬಟ್ಟೆ ಸುತ್ತಿದ ಐಸ್ ಹೊಟ್ಟೆಯ ಎರಡೂ ಬದಿಗಿಟ್ಟು ಕಾಯಬಹುದು. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಅರ್ಧ ದಿನವೂ ಕಾಯಲಾಗದು.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ಸಾಯುವ ಮುಂಚಿನ ದಿನಗಳಲ್ಲಿ ನಾಯಿ ಕಾರಣವಿಲ್ಲದೆ ಕಚ್ಚಿದ್ದರೆ, ಜೊಲ್ಲು ಸುರಿಸಿ ನುಂಗಲಾಗದೆ ಒದ್ದಾಡಿದ್ದರೆ, ಬೊಗಳುವ ಸ್ವರವೇ ಬದಲಾಗಿದ್ದರೆ, ಅದನ್ನು ಬರಿಗೈಯಲ್ಲಿ ಮುಟ್ಟಬೇಡಿ, ಮುದ್ದಿಸಬೇಡಿ, ಹೂಳಲೂ ಹೋಗಬೇಡಿ. ತಕ್ಷಣ ಪಶುವೈದ್ಯರಿಗೆ ತಿಳಿಸಿ. ರೇಬಿಸ್ ಹೌದೋ ಅಲ್ಲವೋ ಎಂಬುದು ಮೆದುಳಿನ ಪರೀಕ್ಷೆಯಿಂದ ಗೊತ್ತಾಗುತ್ತದೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಇದಕ್ಕೆಂದೇ ಪ್ರಯೋಗಾಲಯ ಇದೆ. ಕಚ್ಚಿಸಿಕೊಂಡವರು, ಗಾಯಕ್ಕೆ ಜೊಲ್ಲು ತಾಗಿದವರು ಫಲಿತಾಂಶಕ್ಕೆ ಕಾಯದೆ ಆ ಜಾಗವನ್ನು ಸೋಪು ನೀರಿನಿಂದ ಹದಿನೈದು ನಿಮಿಷ ತೊಳೆದು ಅಂದೇ ಲಸಿಕೆ ಶುರುಮಾಡಬೇಕು. ಮುಂದೆ ಹೇಳುವ ಗುರುತಿನ ಕೆಲಸಗಳು ಅಂಥ ನಾಯಿಗೆ ಬೇಡವೇ ಬೇಡ.

ಸಾವಿನ ಕಾರಣ ತಿಳಿಯದೆ ಮನಸ್ಸು ಕೊರೆಯುತ್ತಿದ್ದರೆ ಮರಣೋತ್ತರ ಪರೀಕ್ಷೆ ಮಾಡಿಸಬಹುದು. ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರಿನ ಪಶುವೈದ್ಯಕೀಯ ಕಾಲೇಜುಗಳಲ್ಲಿ ಅಥವಾ ನಿಮ್ಮ ವೈದ್ಯರ ಬಳಿ ವಿಚಾರಿಸಿ. ಮನೆಯಲ್ಲಿ ಬೇರೆ ನಾಯಿಗಳಿದ್ದರೆ ಇದರಿಂದ ಅವುಗಳ ಜೀವವೂ ಉಳಿದೀತು.

ಹೆಜ್ಜೆಯ ಗುರುತು

ಮೈ ಮೆತ್ತಗಿರುವಾಗಲೇ ಪಾದದ ಗುರುತು ತೆಗೆದುಕೊಳ್ಳಿ. ಸುಲಭದ ದಾರಿ ಸ್ಟ್ಯಾಂಪ್ ಪ್ಯಾಡಿನ ಮಸಿ. ಬೆರಳ ನಡುವಿನ ಕೂದಲು ಕತ್ತರಿಸಿ, ಪಾದ ಒರೆಸಿ, ಮಸಿ ಹಚ್ಚಿ, ದಪ್ಪ ಕಾಗದವನ್ನು ರಟ್ಟಿನ ಮೇಲಿಟ್ಟು ಪಾದಕ್ಕೆ ಒತ್ತಿ. ಕಾಗದ ಅಲುಗಬಾರದು. ನಾಲ್ಕೈದು ಹಾಳೆ ತೆಗೆಯಿರಿ, ಒಂದಾದರೂ ಚೆನ್ನಾಗಿ ಬರುತ್ತದೆ. ಮೂಗಿನ ಗುರುತನ್ನೂ ಹೀಗೇ ತೆಗೆಯಬಹುದು. ನಮ್ಮ ಬೆರಳಚ್ಚಿನ ಹಾಗೆ ಪ್ರತಿ ನಾಯಿಯ ಮೂಗಿನ ಗೆರೆಗಳೂ ಬೇರೆ ಬೇರೆ.

ಹಲವರು ಎರಡು ಲೋಟ ಮೈದಾ, ಒಂದು ಲೋಟ ಪುಡಿ ಉಪ್ಪು, ಮುಕ್ಕಾಲು ಲೋಟದಷ್ಟು ನೀರು ಕಲಸಿ, ಅರ್ಧ ಇಂಚು ದಪ್ಪದ ಬಿಲ್ಲೆ ಮಾಡಿ ಅದರಲ್ಲಿ ಹೆಜ್ಜೆ ಒತ್ತಿ ಒಣಗಿಸುತ್ತಾರೆ. ಒಳನಾಡಿನ ಒಣಹವೆಯಲ್ಲಿ ಇದು ಚೆನ್ನಾಗಿ ನಿಲ್ಲುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಮಾತ್ರ ಉಪ್ಪು ನೀರು ಹೀರಿಕೊಂಡು ಗುರುತು ಕರಗಿಹೋಗುತ್ತದೆ. ಮನೆಯಲ್ಲಿ ಇನ್ನೊಂದು ನಾಯಿಯಿದ್ದರೆ ಈ ಹಿಟ್ಟು ಅದರ ಬಾಯಿಗೆ ಸಿಗಲೇಬಾರದು. ಅಷ್ಟು ಉಪ್ಪು ನಾಯಿಗೆ ವಿಷ. ಮಂಗಳೂರು, ಆಗುಂಬೆಯ ಕಡೆಯವರು ಹಸಿ ಜೇಡಿಮಣ್ಣಿನಲ್ಲಿ ಹೆಜ್ಜೆ ಒತ್ತಿ, ಆ ಗುಳಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಹೊಯ್ದು ಅಚ್ಚು ಎತ್ತುವುದು ಒಳ್ಳೆಯದು.

ಕಿವಿಯ ಹಿಂದಿನಿಂದಲೋ ಬಾಲದ ತುದಿಯಿಂದಲೋ ಒಂದಿಷ್ಟು ಕೂದಲು ಕತ್ತರಿಸಿ ಕಾಗದದಲ್ಲಿ ಮಡಚಿಡಿ. ಕೊರಳ ಪಟ್ಟಿ ತೆಗೆದಿಟ್ಟುಕೊಳ್ಳಿ, ತೊಳೆಯಬೇಡಿ. ಅದರ ವಾಸನೆ ಒಂದಷ್ಟು ತಿಂಗಳಾದರೂ ಇರುತ್ತದೆ. ಯಾರಿಗೋ ಒಬ್ಬರಿಗೆ ಅದೇ ಬೇಕಾಗುತ್ತದೆ.

ಮಣ್ಣೋ ಬೆಂಕಿಯೋ

ಸ್ವಂತ ಜಮೀನು, ಹಿತ್ತಿಲು ಇದ್ದವರು ಮಣ್ಣು ಮಾಡುತ್ತಾರೆ. ಗುಂಡಿ ನಾಲ್ಕು ಅಡಿ ಆಳವಿರಲಿ. ಕರಾವಳಿಯ ಮುರಕಲ್ಲಿನಲ್ಲಿ ಅಷ್ಟು ತೋಡುವುದು ಕಷ್ಟ. ಕನಿಷ್ಠ ಮೂರಡಿಯಾದರೂ ಇಳಿದು ಮೇಲೆ ಭಾರದ ಕಲ್ಲು ಹೇರಿ. ಇಲ್ಲದಿದ್ದರೆ ನರಿ, ಬೀದಿ ನಾಯಿ, ಕಾಡುಹಂದಿಗಳು ಕೆದಕುತ್ತವೆ. ವೈದ್ಯರು ಚುಚ್ಚುಮದ್ದು ಕೊಟ್ಟು ದಯಾಮರಣ ಕೊಡಿಸಿದ ನಾಯಿಯಾದರೆ ಆಳದ ವಿಷಯದಲ್ಲಿ ರಾಜಿಯೇ ಬೇಡ. ಆ ಔಷಧ ದೇಹದಲ್ಲಿ ಬಹಳ ಕಾಲ ಉಳಿಯುತ್ತದೆ. ಕೆದಕಿ ತಿಂದ ಪ್ರಾಣಿ, ಹದ್ದುಗಳೂ ಸಾಯಬಹುದು. ಬಾವಿ, ಬೋರ್‌ವೆಲ್, ತೊರೆಗಳಿಂದ 50 ಮೀಟರಿಗಿಂತ ಹತ್ತಿರ ಬೇಡ. ಮೈಗೆ ಹತ್ತಿ ಬಟ್ಟೆ ಸಾಕು. ಪ್ಲಾಸ್ಟಿಕ್ ಚೀಲ, ಸಿಂಥೆಟಿಕ್ ಹೊದಿಕೆ ಹಾಕಿದರೆ ದೇಹ ಮಣ್ಣಾಗುವುದು ಬಹಳ ತಡವಾಗುತ್ತದೆ. ಉಪ್ಪು ಸುರಿದು ಮುಚ್ಚುವ ವಾಡಿಕೆ ಅನೇಕ ಕಡೆ ಇದೆ. ಮೇಲೆ ಗಿಡ ನೆಡುವ ಆಸೆಯಿದ್ದವರು ಅದನ್ನು ಬಿಡಿ, ಬೇರು ಸುಟ್ಟುಹೋಗುತ್ತದೆ.

ಊರಿನಲ್ಲಿ ಜಾಗವಿಲ್ಲದೆ ರಾತ್ರೋರಾತ್ರಿ ಕೆರೆಯಂಚಿಗೋ ರಾಜಕಾಲುವೆಗೋ ಒಯ್ಯುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹತ್ತು ವರ್ಷ ಮಂಚದ ಕೆಳಗೆ ಮಲಗಿದ್ದ ಜೀವಕ್ಕೆ ಅದು ತಕ್ಕ ವಿದಾಯವಲ್ಲ. ಬೆಂಗಳೂರಿನ ಕೆಂಗೇರಿ ಬಳಿ ಪೀಪಲ್ ಫಾರ್ ಆ್ಯನಿಮಲ್ಸ್ ಸಂಸ್ಥೆಯವರ ಸಾಕುಪ್ರಾಣಿಗಳ ಸ್ಮಶಾನವಿದೆ. ನಗರದಲ್ಲಿ ಪ್ರಾಣಿಗಳ ಚಿತಾಗಾರಗಳೂ ಇವೆ. ಬೇರೆ ಊರುಗಳಲ್ಲಿ ನಗರಪಾಲಿಕೆಯ ಆರೋಗ್ಯ ವಿಭಾಗ, ಪ್ರಾಣಿದಯಾ ಸಂಘ, ನಿಮ್ಮ ವೈದ್ಯರು ದಾರಿ ತೋರುತ್ತಾರೆ. ನಾಯಿಗೆ ವಯಸ್ಸಾಗಿದ್ದರೆ ಈ ನಂಬರುಗಳನ್ನು ಈಗಲೇ ಬರೆದಿಡಿ. ಚಿತಾಗಾರಕ್ಕೆ ಫೋನ್ ಮಾಡಿದಾಗ ಮೂರು ಪ್ರಶ್ನೆ ಕೇಳಬೇಕು: ಒಂಟಿಯಾಗಿ ಸುಡುತ್ತೀರಾ, ಬೇರೆ ಪ್ರಾಣಿಗಳ ಜೊತೆಗಾ? ಬೂದಿ ಕೊಡುತ್ತೀರಾ? ಒಟ್ಟು ಖರ್ಚೆಷ್ಟು, ರಸೀದಿ ಇದೆಯಾ? ಅಳುವಿನ ನಡುವೆ ಇದನ್ನೆಲ್ಲ ಕೇಳಲಾಗುವುದಿಲ್ಲ, ಅದಕ್ಕೇ ಪಕ್ಕದ ಮನೆಯವರಿಗೋ ಅಣ್ಣತಮ್ಮಂದಿರಿಗೋ ಫೋನಿನ ಕೆಲಸ ಒಪ್ಪಿಸಿ.

ಬೂದಿಯ ಬಗ್ಗೆ ಒಂದು ಮಾತು. ಬೂದಿಯನ್ನೆಲ್ಲ ಒಂದು ಗುಂಡಿಗೆ ಸುರಿದು ಸಸಿ ನೆಟ್ಟರೆ ಅದು ಸಾಯುತ್ತದೆ. ಮೂಳೆಯ ಬೂದಿಯಲ್ಲಿ ಕ್ಷಾರವೂ ಲವಣವೂ ವಿಪರೀತ. ನಾಯಿಯ ನೆನಪಿಗೆ ನೆಟ್ಟ ಗಿಡವೂ ಒಣಗಿತೆಂದರೆ ಎರಡನೇ ಸಲ ಕಳೆದುಕೊಂಡ ಹಾಗೆ. ಒಂದು ಹಿಡಿ ಬೂದಿಯನ್ನು ಬುಟ್ಟಿಗಟ್ಟಲೆ ಮಣ್ಣು, ಕೊಟ್ಟಿಗೆ ಗೊಬ್ಬರದ ಜೊತೆ ಬೆರೆಸಿ, ಕೆಲವು ವಾರ ಬಿಟ್ಟು ಆಮೇಲೆ ನೆಡಿ. ಉಳಿದದ್ದನ್ನು ತೋಟದಲ್ಲಿ ತೆಳುವಾಗಿ ಹರಡಬಹುದು. ಪಾರಿಜಾತ, ಸಂಪಿಗೆ, ನೇರಳೆ ಚೆನ್ನ. ಕಣಗಿಲೆ ಮಾತ್ರ ಬೇಡ. ಮುಂದೆ ಬರುವ ನಾಯಿಮರಿ ಅಗಿದರೆ ಅದರ ಪ್ರಾಣಕ್ಕೇ ಕುತ್ತು.

ಬರೆಯಿರಿ, ಮರೆಯುವ ಮೊದಲು

ಫೋಟೋಗಳು ಎಲ್ಲರ ಮನೆಯಲ್ಲೂ ಇರುತ್ತವೆ. ಫೋಟೋ ಹಿಡಿಯಲಾರದ್ದೇ ಮೊದಲು ಅಳಿಸಿಹೋಗುವುದು. ಪೇಪರಿನವನಿಗೆ ಒಂದು ಬೊಗಳು, ಹಾಲಿನವನಿಗೆ ಇನ್ನೊಂದು. ಪಟಾಕಿ ಶಬ್ದಕ್ಕೆ ದೇವರ ಕೋಣೆಗೆ ನುಗ್ಗುತ್ತಿದ್ದದ್ದು. ಅಜ್ಜಿ ಗದರಿದರೆ ಬಾಲ ಆಡಿಸುತ್ತಿದ್ದದ್ದು, ಅಪ್ಪ ಮೆಲ್ಲಗೆ ಹೇಳಿದರೂ ಎದ್ದು ಹೋಗುತ್ತಿದ್ದದ್ದು. ಇಂಥವು ಒಂದೆರಡು ವರ್ಷದಲ್ಲೇ ಮಸುಕಾಗುತ್ತವೆ. ಆಮೇಲೆ "ತುಂಬಾ ಒಳ್ಳೆಯ ನಾಯಿ" ಎಂಬ ಒಂದು ಮಾತಷ್ಟೇ ಉಳಿಯುತ್ತದೆ. ಆ ಮಾತು ಯಾವ ನಾಯಿಗೂ ಹೊಂದುತ್ತದೆ. ನಿಮ್ಮ ನಾಯಿ ಯಾವುದೋ ಒಂದು ನಾಯಿಯಾಗಿರಲಿಲ್ಲ.

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಮೊದಲ ಪುಟದಲ್ಲಿ ಹೆಸರು, ಹೆಸರಿಟ್ಟವರು ಯಾರು, ಯಾಕೆ ಆ ಹೆಸರು, ಕರೆಯುತ್ತಿದ್ದ ಅಡ್ಡಹೆಸರುಗಳೆಲ್ಲ. ಎಲ್ಲಿಂದ ಬಂತು, ಯಾರ ಮಡಿಲಲ್ಲಿ ಬಂತು, ಮೊದಲ ರಾತ್ರಿ ಎಷ್ಟು ಅತ್ತಿತು. ಆಮೇಲೆ ಒಂದು ಮಾಮೂಲಿ ದಿನವನ್ನು ಬೆಳಗ್ಗೆಯಿಂದ ರಾತ್ರಿಯವರೆಗೆ ಬರೆಯಿರಿ: ಎಷ್ಟು ಹೊತ್ತಿಗೆ ಏಳುತ್ತಿತ್ತು, ಯಾರನ್ನು ಎಬ್ಬಿಸುತ್ತಿತ್ತು, ವಾಕಿಂಗಿನಲ್ಲಿ ಯಾವ ಕಂಬದ ಬಳಿ ನಿಲ್ಲುತ್ತಿತ್ತು, ಯಾವ ಮನೆಯ ಬೆಕ್ಕಿನ ಮೇಲೆ ಹಗೆ, ಮುದ್ದೆ ಇಷ್ಟವೋ ಚಪಾತಿ ಇಷ್ಟವೋ, ಕದ್ದು ತಿಂದದ್ದು ಏನೇನು. ಮನೆಯ ಪ್ರತಿಯೊಬ್ಬರೂ ಬೇರೆ ಬೇರೆ ಬರೆಯಲಿ. ಒಬ್ಬರದು ಇನ್ನೊಬ್ಬರಿಗೆ ಹೊಂದದಿದ್ದರೆ ತಿದ್ದಬೇಡಿ. ಬರೆಯಲು ಬಾರದ ಹಿರಿಯರ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ. ಮನೆಗೆಲಸದವರನ್ನು, ವಾಚ್‌ಮನ್ನನ್ನು, ಎದುರು ಮನೆಯ ಹುಡುಗಿಯನ್ನು ಕೇಳಿ. ನೀವು ಆಫೀಸಿಗೆ ಹೋದ ಮೇಲೆ ನಿಮ್ಮ ನಾಯಿ ಏನು ಮಾಡುತ್ತಿತ್ತೆಂಬುದು ಅವರಿಗೇ ಗೊತ್ತು.

ಕಾಯಿಲೆಯ ದಿನಗಳಿಗೆ ಒಂದು ಪುಟ ಸಾಕು. ಕೊನೆಯ ಹದಿನೈದು ದಿನ ಹದಿಮೂರು ವರ್ಷವನ್ನು ನುಂಗಿಹಾಕಬಾರದು. ಪೂರ್ಣಚಂದ್ರ ತೇಜಸ್ವಿಯವರ 'ಪರಿಸರದ ಕತೆ'ಯಲ್ಲಿ 'ಕಿವಿಯೊಡನೆ ಒಂದು ದಿನ' ಎಂಬ ಬರಹವಿದೆ. ಕಿವಿ ಎಂಬ ಆ ನಾಯಿಯನ್ನು ಕಂಡೇ ಇರದ ಸಾವಿರಾರು ಕನ್ನಡಿಗರು ತಮ್ಮ ಮನೆಯದೇ ಎಂಬಂತೆ ಮಾತಾಡುತ್ತಾರೆ. ಅದಕ್ಕೆ ಒಂದು ದಿನದ ತಿರುಗಾಟವೇ ಸಾಕಾಯಿತು.

ಫೋಟೋ, ವಿಡಿಯೋಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಾಗಿ ಕಳಿಸಿದರೆ ಗುಣಮಟ್ಟ ಇಳಿಯುತ್ತದೆ. 'ಡಾಕ್ಯುಮೆಂಟ್' ಎಂದು ಕಳಿಸಿ, ಎರಡು ಕಡೆ ಕಾಪಿ ಇಡಿ. ಬೊಗಳುವ ಸದ್ದಿರುವ ವಿಡಿಯೋಗಳನ್ನು ಬೇರೆಯೇ ಒಂದು ಫೋಲ್ಡರಿನಲ್ಲಿಡಿ. ಹತ್ತಿಪ್ಪತ್ತು ಚಿತ್ರ ಆರಿಸಿ ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿ, ಬಿಸಿಲು ನೇರ ಬೀಳದ ಗೋಡೆಗೆ ತೂಗುಹಾಕಿ.

ಎಡೆ, ದೀಪ

ನಾಯಿಗೆ ಹಾಲು-ತುಪ್ಪ ಬಿಡಬಹುದೇ, ಫೋಟೋಕ್ಕೆ ಹಾರ ಹಾಕಬಹುದೇ ಎಂದು ಸಂಕೋಚದಿಂದ ಕೇಳುವವರಿದ್ದಾರೆ. ಮನಸ್ಸಿಗೆ ಬಂದರೆ ಮಾಡಿ. ಧರ್ಮರಾಯ ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರಲಾರೆ ಎಂದ ಕತೆ ಕೇಳಿ ಬೆಳೆದವರು ನಾವು. ದತ್ತಾತ್ರೇಯನ ಪಾದದ ಬಳಿ ನಾಲ್ಕು ನಾಯಿಗಳಿವೆ, ಭೈರವನ ವಾಹನವೇ ನಾಯಿ. ಚನ್ನಪಟ್ಟಣದ ಬಳಿಯ ಅಗ್ರಹಾರ ವಳಗೆರೆಹಳ್ಳಿಯಲ್ಲಿ ಎರಡು ನಾಯಿಗಳ ಮೂರ್ತಿಗೆ ಪೂಜೆ ನಡೆಯುತ್ತದೆ. ಕೊಡಗಿನವರು ಹರಕೆ ಹೊತ್ತು ಹೋಗುವ ಪರಶ್ಶಿನಿಕಡವಿನ ಮುತ್ತಪ್ಪನ ಸನ್ನಿಧಿಯಲ್ಲಿ ನಾಯಿಗಳು ಯಾರ ಅಡ್ಡಿಯೂ ಇಲ್ಲದೆ ಓಡಾಡಿಕೊಂಡಿರುತ್ತವೆ. ಮಹಾಲಯ ಅಮಾವಾಸ್ಯೆಯ ಎಡೆಯ ಪಕ್ಕ ಒಂದು ಎಲೆಯ ತುದಿಯಲ್ಲಿ ಅದಕ್ಕಿಷ್ಟವಾದದ್ದನ್ನು ಇಟ್ಟರೆ ಯಾವ ಹಿರಿಯರೂ ಮುನಿಯಲಾರರು. ಆಮೇಲೆ ಅದನ್ನು ಬೀದಿಯ ನಾಯಿಗೆ ಹಾಕಿ.

ಮನೆಯ ಉಳಿದವರು

ಚಿಕ್ಕ ಮಕ್ಕಳಿಗೆ "ಮಲಗಿದೆ", "ಊರಿಗೆ ಹೋಗಿದೆ" ಎನ್ನಬೇಡಿ. ಮಲಗಿದೆ ಎಂದು ಕೇಳಿದ ಮಗು ತಾನು ಮಲಗಲು ಹೆದರೀತು. ಊರಿಗೆ ಹೋಗಿದೆ ಎಂದು ನಂಬಿದ ಮಗು ದಿನಾ ಗೇಟಿನ ಬಳಿ ಕಾದೀತು. ಸತ್ತುಹೋಯಿತು, ಅದರ ಮೈ ಕೆಲಸ ಮಾಡುವುದು ನಿಲ್ಲಿಸಿತು, ಇನ್ನು ಬರುವುದಿಲ್ಲ, ನಮಗೆಲ್ಲ ಅಳು ಬರುತ್ತಿದೆ ಎಂದು ಹೇಳಿ. ಮಣ್ಣು ಮಾಡುವಾಗ ಬರುತ್ತೇನೆಂದರೆ ಕರೆದುಕೊಂಡು ಹೋಗಿ, ಬೇಡವೆಂದರೆ ಒತ್ತಾಯಿಸಬೇಡಿ.

ಜೊತೆಗಿದ್ದ ಇನ್ನೊಂದು ನಾಯಿಗೂ ದುಃಖವಿದೆ. ಇಟಲಿಯಲ್ಲಿ 426 ಮಾಲೀಕರನ್ನು ಕೇಳಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇಕಡಾ 86 ಮಂದಿ, ಜೊತೆಗಾರ ಸತ್ತ ಮೇಲೆ ಉಳಿದ ನಾಯಿಯ ನಡವಳಿಕೆ ಬದಲಾಯಿತು ಎಂದಿದ್ದರು: ಆಟ ಕಡಿಮೆ, ಊಟ ಕಡಿಮೆ, ಮನೆಯವರ ಬೆನ್ನು ಬಿಡದೆ ಸುತ್ತುವುದು. ಅದರ ಊಟ, ವಾಕಿಂಗಿನ ಹೊತ್ತು ತಪ್ಪಿಸಬೇಡಿ. ಎರಡು ದಿನ ಏನೂ ತಿನ್ನದಿದ್ದರೆ ವೈದ್ಯರಿಗೆ ತೋರಿಸಿ.

ಇನ್ನು ನೀವು. "ಅಯ್ಯೋ, ನಾಯಿ ತಾನೇ, ಇನ್ನೊಂದು ಮರಿ ತಂದುಕೊಳ್ಳಿ" ಎನ್ನುವವರು ಸಿಕ್ಕೇ ಸಿಗುತ್ತಾರೆ. ಸಮಾಜ ಒಪ್ಪದ ಇಂಥ ದುಃಖದ ಬಗ್ಗೆ ಅಮೆರಿಕದ ಕೆನೆತ್ ಡೋಕಾ 1989ರಲ್ಲೇ ಪುಸ್ತಕ ತಂದರು. ರಜೆ ಕೇಳುವಂತಿಲ್ಲ, ಗಟ್ಟಿಯಾಗಿ ಅಳುವಂತಿಲ್ಲ. ಅದರಿಂದಲೇ ಈ ದುಃಖ ಉದ್ದವಾಗುತ್ತದೆ. ದಯಾಮರಣ ಕೊಡಿಸಿದವರನ್ನು ಇನ್ನೊಂದು ಹುಳ ಕೊರೆಯುತ್ತದೆ: ನಾನೇ ಸಹಿ ಹಾಕಿದೆ ಎಂಬುದು. ಗುಣವಾಗದ ನೋವಿನಲ್ಲಿ ನರಳುತ್ತಿದ್ದ ಜೀವಕ್ಕೆ ವೈದ್ಯರ ಸಲಹೆಯಂತೆ ಬಿಡುಗಡೆ ಕೊಟ್ಟವರು ಅಪರಾಧಿಗಳಲ್ಲ. ಆ ಕೊನೆಯ ಗಳಿಗೆಯಲ್ಲಿ ತಲೆ ನೇವರಿಸುತ್ತ ಕೂತದ್ದು ನೀವು ಅದಕ್ಕೆ ಮಾಡಿದ ಕೊನೆಯ ಸೇವೆ. ವಾರಗಳು ಕಳೆದರೂ ನಿದ್ದೆ, ಊಟ ಸರಿಹೋಗದಿದ್ದರೆ 14416ಕ್ಕೆ ಕರೆ ಮಾಡಿ. ಟೆಲಿ ಮಾನಸ್ ಎಂಬ ಈ ಸರ್ಕಾರಿ ಸಹಾಯವಾಣಿ ಹಗಲುರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ನಾಯಿಗಾಗಿ ಕರೆ ಮಾಡುತ್ತಿದ್ದೇನೆ ಎನ್ನಲು ನಾಚಿಕೆ ಬೇಡ.

ಸಣ್ಣ ಕೆಲಸಗಳನ್ನು ಮರೆಯಬೇಡಿ. ಆಸ್ಪತ್ರೆಗೆ ತಿಳಿಸಿ, ಲಸಿಕೆಯ ನೆನಪಿನ ಮೆಸೇಜು ಬಂದು ಎದೆ ಚುಚ್ಚದಿರಲಿ. ಪಾಲಿಕೆಯ ಪರವಾನಗಿ, ವಿಮೆ ಇದ್ದರೆ ರದ್ದು ಮಾಡಿಸಿ. ಉಳಿದ ಮಾತ್ರೆಗಳನ್ನು ಬೇರೆಯವರ ನಾಯಿಗೆ ಕೊಡದೆ ವೈದ್ಯರಿಗೆ ಒಪ್ಪಿಸಿ. ಪಾರ್ವೋ ಕಾಯಿಲೆಯಿಂದ ಸತ್ತಿದ್ದರೆ ಆ ವೈರಾಣು ಅಂಗಳದ ಮಣ್ಣಿನಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷದವರೆಗೂ ಬದುಕಿರುತ್ತದೆ. ಪೂರ್ತಿ ಲಸಿಕೆಯಾಗದ ಮರಿಯನ್ನು ಆ ಮನೆಗೆ ತರಲೇಬಾರದು. ಹಳೆಯ ಹಾಸಿಗೆ, ತಟ್ಟೆಗಳನ್ನೂ ಯಾರಿಗೂ ಕೊಡಬಾರದು. ಬೇರೆ ಕಾರಣಕ್ಕೆ ಸತ್ತಿದ್ದರೆ ಅವನ್ನು ಯಾವಾಗ ಎತ್ತಿಡಬೇಕೆಂಬುದಕ್ಕೆ ಗಡುವಿಲ್ಲ. ಮನೆಯ ಎಲ್ಲರನ್ನೂ ಕೇಳದೆ ಎಸೆಯಬೇಡಿ, ಅಷ್ಟೇ. ಹೊಸ ಮರಿಯ ವಿಷಯದಲ್ಲೂ ಹಾಗೆಯೇ. ತಂದರೆ ಹೊಸ ಹೆಸರಿಡಿ. ಹಳೆಯ ಹೆಸರಿಟ್ಟು ಆ ಮರಿಯಲ್ಲಿ ಹೋದದ್ದನ್ನು ಹುಡುಕುವುದು ಎರಡೂ ಜೀವಗಳಿಗೆ ಅನ್ಯಾಯ.

ಮಣಲೇರನ ಎರಡು ಖಂಡುಗದಂತೆ ನಾವು ಬಿಡಬಹುದಾದದ್ದು ಏನು? ಪ್ರತಿವರ್ಷ ಅದರ ಹೆಸರಿನಲ್ಲಿ ಬೀದಿಯ ಒಂದು ನಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆಯ ಖರ್ಚು ಕೊಡಬಹುದು. ಸೆಪ್ಟೆಂಬರ್ 28ರ ವಿಶ್ವ ರೇಬಿಸ್ ದಿನದ ಸುಮಾರಿಗೆ ನಡೆಯುವ ಲಸಿಕಾ ಶಿಬಿರಕ್ಕೆ ಓಣಿಯ ನಾಯಿಗಳನ್ನು ಒಯ್ಯಬಹುದು. ಬೇಸಿಗೆಯಲ್ಲಿ ಗೇಟಿನ ಹೊರಗೆ ಕಲ್ಲಿನ ಬಾನಿಯಲ್ಲಿ ನೀರಿಟ್ಟು, ದಿನಾ ಬದಲಿಸಿ, ಬಾನಿಯ ಮೇಲೆ ಹೆಸರು ಕೆತ್ತಿಸಬಹುದು. ದೊಡ್ಡ ಮೊತ್ತವನ್ನು ಒಮ್ಮೆ ಕೊಡುವುದಕ್ಕಿಂತ ವರ್ಷವರ್ಷವೂ ತಪ್ಪದೆ ಮಾಡುವ ಚಿಕ್ಕ ಕೆಲಸವೇ ನನಗೆ ಹೆಚ್ಚು ಸರಿ ಎನಿಸುತ್ತದೆ. ಆ ದಿನ ಬಂದಾಗಲೆಲ್ಲ ಮನೆಯಲ್ಲಿ ಅದರ ಹೆಸರು ಮತ್ತೆ ಕೇಳಿಬರುತ್ತದೆ.

ನಿಮ್ಮ ಗೆಳೆಯರ, ನೆರೆಯವರ ಮನೆಯಲ್ಲಿ ನಾಯಿ ತೀರಿಕೊಂಡ ಸುದ್ದಿ ಬಂದರೆ ಒಮ್ಮೆ ಹೋಗಿ ಬನ್ನಿ, ಹೋಗಲಾಗದಿದ್ದರೆ ಫೋನ್ ಮಾಡಿ. ಇನ್ನೊಂದು ಮರಿಯ ಮಾತೆತ್ತಬೇಡಿ. ಸತ್ತ ನಾಯಿಯ ಹೆಸರು ಹಿಡಿದೇ ಮಾತಾಡಿ, ನಿಮ್ಮ ಫೋನಿನಲ್ಲಿ ಅದರ ಫೋಟೋ ಇದ್ದರೆ ಅವರಿಗೆ ಕಳಿಸಿ. ಅವರ ಬಳಿ ಇರದ ಫೋಟೋ ಅದಾಗಿರಬಹುದು.